ಎಮ್ಮೆ ಹೇಳಿದ ಉತ್ತರ ಎಂಟು

೧೯೬೪. ಕಾಲೇಜಿಗೆ ರಜೆ. ಹಿರೀಸಾವೆಯ ಹೋಟೆಲ್ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದವರು ಫಿಸಿಕ್ಸ್ ಪುಸ್ತಕ ಹಿಡಿದ ಒಬ್ಬ ಹುಡುಗಿ ಮತ್ತು ಅವಳ ತಾತ.

“ತಾತ, ಇವತ್ತೂ ಪರೀಕ್ಷೇಲಿ ಫೇಲಾಯ್ತೀನಿ.”

“ಸುಮ್ಕಿರು ಮುದ್ದಿ. ಇನ್ನೊಂದ್ಸಲ ಬರೀಲಿ ಅಂತ ನಿಮ್ಮಪ್ಪನ್ ತಾವ ಜಗಳ ಆಡಿ ಕರ್ಕಂಡ್ ಬಂದಿವ್ನಿ. ಏನ್ ತೊಡ್ಕು ಅಂತ ಏಳು.”

“ಸಾಲಾಗಿ ಮೂರು ಚಾರ್ಜವೆ. ಇತ್ಲಾಗಿಂದು ನಡುವಿಂದನ್ನ ಮೂರರಷ್ಟು ಬಲದಲ್ಲಿ ಅತ್ಲಾಗೆ ತಳ್ತದೆ. ಅತ್ಲಾಗಿಂದು ಐದರಷ್ಟು ಬಲದಲ್ಲಿ ತನ್ ಕಡೀಕೆ ಎಳೀತದೆ. ಒಂದು ತಳ್ಳೋದು, ಒಂದು ಎಳಿಯೋದು ಅಂತ ಕಳದ್ರೆ ನಂಗೆ ಎರಡು ಬತ್ತದೆ. ಪುಸ್ತಕದಲ್ಲಿ ಎಂಟು ಅಂತದೆ.”

“ಚಾರ್ಜು ಗೀರ್ಜು ನಂಗೊತ್ತಿಲ್ಲ ಕಣವ್ವಾ. ನಮ್ಮೆಮ್ಮೆ ಕೆರೆ ಕೆಸರಲ್ಲಿ ಊತ್ಕಂಡಾಗ ನೀನೇನ್ ಮಾಡ್ದೆ?”

“ಮುಂದ್ಗಡೆ ನಿಂತು ಅಗ್ಗ ಎಳ್ದೆ.”

“ನಾನು?”

“ಇಂದ್ಗಡೆಯಿಂದ ತಳ್ದೆ.”

“ಎಮ್ಮೆ ಎತ್ಲಾಗ್ ಬಂತು?”

“ಮುಂದಕ್ಕೇ... ಅಯ್ಯೋ ತಾತ! ಇಬ್ರುದೂ ಒಂದೇ ಕಡೀಕೆ! ಕೂಡ್ಬೇಕು! ಎಂಟು!”

“ಎಮ್ಮೇಗ್ ಗೊತ್ತಿದ್ದುದ್ದು ಕಾಲೇಜೋದೋಳಿಗೆ ಗೊತ್ತಿರ್ನಿಲ್ವಲ್ಲಾ!”

ನಗು ತಡೆಯಲಾರದೆ ನಾನು ಅಂಗಿಯ ಮೇಲೆ ಕಾಫಿ ಚೆಲ್ಲಿಕೊಂಡೆ. ಅಷ್ಟರಲ್ಲಿ ಬಸ್ಸು ಬಂತು. ಮೊದಲು ಹತ್ತಿದ ಹುಡುಗಿ ಬಾಗಿಲಲ್ಲಿ ನಿಂತು ತಾತನ ಎರಡೂ ಕೈ ಹಿಡಿದು ಎಳೆದಳು. ಕೆಳಗಿನಿಂದ ಕಂಡಕ್ಟರ್ ಅವನ ಬೆನ್ನು ತಳ್ಳಿದ. ಬಸ್ಸು ಹೊರಟಾಗಲೂ ತಾತನ ದನಿ ಕೇಳುತ್ತಿತ್ತು.

“ನೋಡ್ದಾ ಮುದ್ದಿ, ಎಂಗ್ ಬಸ್ ಅತ್ಬುಟ್ಟೆ! ಅಲ್ಲೋಗಿ ಕಳೀಬ್ಯಾಡ ಕಣೇ, ಕೂಡು!”