ಬೇಲಿ ತಂತಿಯ ಮೇಲಿನ ದುಂಬಿ

ಪೆಹುವಾಹೊ ಊರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಹೆಣೆಯುತ್ತಿದ್ದ ಒಫೀಲಿಯಾಳ ಕೈ ನಿಂತುಹೋಯಿತು. ಬೇಸಿಗೆಯಿಡೀ ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡಿದ್ದ ಜೇನು ಸಾಕುವ ಎಲ್ವಿರಾ ಮತ್ತು ಸೂರ್ಯಕಾಂತಿ ಬೆಳೆಯುವ ಎವರಿಸ್ಟೊ ಪಕ್ಕದಲ್ಲೇ ಕೂತು, ಒಂದೇ ಸೋರೆಬುರುಡೆಯಿಂದ ಮಾಟೆ ಸೊಪ್ಪಿನ ಕಷಾಯ ಹೀರುತ್ತಿದ್ದರು. ಎವರಿಸ್ಟೊ ಬಿಸಿನೀರು ಹುಯ್ದು ಕೊಡುತ್ತಿದ್ದ.

“ನೀನು ಹೊಲಕ್ಕೆ ಹೊಡೆಯೋ ಔಷಧದಿಂದ್ಲೇ ನನ್ನ ಜೇನು ಸತ್ತಿದ್ದು ಅಂತ ಊರೆಲ್ಲಾ ಹೇಳ್ಕೊಂಡು ಬಂದೆ ಕಣೋ.”

“ಚರ್ಚಿನ ಬಾಗಿಲಲ್ಲೂ ಹೇಳಿದ್ಯಲ್ಲ.”

“ಆದ್ರೂ ಬಿಸಿಲಲ್ಲಿ ಬೇಲಿ ಕಾದು ಜೇನು ಕೊಲ್ಲೋ ಆ ಕಳ್ಳನ್ನ ಹಿಡಿದ್ಯಲ್ಲ!”

“ತಂತಿ ಮೇಲೆ ಕೂತಿತ್ತು. ನಿನ್ನ ಜೇನ್ನೊಣ ಬಂತು ನೋಡು, ಗಾಳೀಲೇ ಹಿಡಿದು ಹೀರಿಬಿಡ್ತು.”

“ನಾನು ದುಂಬಿ ಅಂದ್ಕೊಂಡು, ಪಾಪ ಅಂತ ಅದಕ್ಕೇ ಲ್ಯಾವೆಂಡರ್ ಹೂಗಿಡ ಬೇರೆ ನೆಟ್ಟಿದ್ದೆ.”

“ದುಂಬಿಗೆ ನಾಲ್ಕು ರೆಕ್ಕೆ ಕಣೇ. ಇದಕ್ಕೆ ಎರಡೇ. ವೇಷ ಹಾಕಿರೋ ಬೇಟೆ ನೊಣ. ಮುಖದ ತುಂಬಾ ಗಡ್ಡ.”

“ನಿನ್ನ ಥರಾನೇ.”

“ನಗು, ನಗು. ಅದರ ಮರಿಗಳು ಮಣ್ಣೊಳಗೆ ಗೊಣ್ಣೆಹುಳ ತಿಂದು ನನ್ನ ಬೆಳೆ ಬೇರು ಉಳಿಸ್ತಾವೆ. ನಿನ್ನ ಜೇನು ತಿಂದು ನನ್ನ ಹೊಲ ಕಾದಿದೆ. ಆ ಋಣಕ್ಕೆ, ಹೂ ಬಿಟ್ಟಾಗ ನಿನ್ನ ಜೇನುಪೆಟ್ಟಿಗೆಗಳನ್ನ ನಮ್ಮ ಹೊಲದಲ್ಲೇ ಇಡು.”

ಎಲ್ವಿರಾ ಬುರುಡೆ ಖಾಲಿ ಮಾಡಿದಳು. ಬಸ್ ಬಂತು. ಬುರುಡೆಯನ್ನು ಅವನ ಕೈಗಿಟ್ಟು ಚೀಲ ಎತ್ತಿಕೊಂಡಳು.

“ಒಂದು ಥ್ಯಾಂಕ್ಸಾದ್ರೂ ಹೇಳೇ, ಮಹಾರಾಯ್ತಿ!” ಎಂದು ಎವರಿಸ್ಟೊ ಕೂಗಿದ.

ಎಲ್ವಿರಾ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಬುರುಡೆ ವಾಪಸ್ ಕೊಡುವಾಗ ಥ್ಯಾಂಕ್ಸ್ ಅಂದ್ರೆ ನನಗಿನ್ನು ಸಾಕು ಅಂತಲ್ವೇನೋ, ಹುಯ್ಯೋದು ನಿಲ್ಲಿಸಿಬಿಡ್ತೀಯ. ಭಾನುವಾರ ಮನೆಗೆ ಬಾ. ನನಗಿನ್ನೂ ಸಾಕಾಗಿಲ್ಲ.”