ಹಸಿರು ಗೀಟು ಬೀಳದ ಸಾಲು

...ಬಿಡು ಅಕ್ಕಾ ಆ ಇಸ್ತ್ರಿಪೆಟ್ಟಿಗೆನ! ನಾಳೆಯಿಂದ ಬರಬೇಡ ಅಂದಿದ್ದಾರಲ್ಲ, ಯಾವ ಡ್ಯೂಟಿಗೆ ಅಂತ ಯೂನಿಫಾರಂಗೆ ಇಸ್ತ್ರಿ ಹಾಕ್ತಾ ಇದ್ದೀಯ? ಸರಿ, ಹಾಕು. ಆದ್ರೆ ಕಿವಿ ಇತ್ತ ಕೊಡು. ಹನ್ನೆರಡು ವರ್ಷದ ನಿನ್ನ ಕೆಲಸಕ್ಕೆ ಕುತ್ತು ಬಂದಿದೆ, ಗೊತ್ತು. ಹಾಗಂತ ನಾನು ತಲೆ ತಗ್ಗಿಸಲ್ಲ. ತಲೆ ತಗ್ಗಿಸೋ ಕೆಲಸ ನಾನು ಮಾಡಿಲ್ಲ.

ಯಾಕೆ ನಗ್ತೀಯಾ? ಮೂರು ದಿನದ ಇಂಟರ್ನ್ ಏನು ಕಡಿದು ಕಟ್ಟೆ ಹಾಕ್ತಾಳೆ ಅಂತ ತಾನೇ? ಹೌದು, ಮೂರೇ ದಿನ. ಕುರ್ಚಿನೂ ಇಲ್ಲ ನಂಗೆ. ಪ್ರಿಂಟರ್ ಪಕ್ಕ ಒಂದು ಸ್ಟೂಲು, ಯಾರಾದ್ರೂ ಪ್ರಿಂಟ್ ತಗೊಳ್ಳೋಕೆ ಬಂದ್ರೆ ಎದ್ದು ಗೋಡೆಗೆ ಅಂಟಿಕೊಂಡು ನಿಲ್ಬೇಕು. ಆದ್ರೂ ನಿಮ್ಮ ಆಸ್ಪತ್ರೆಯ ಆ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ನಿನ್ನ ಪರವಾಗಿ ಬಾಯಿ ಬಿಟ್ಟಿದ್ದು ಯಾರು? ನಾನು! ಅದೂ ನಿನ್ನ ತಂಗಿ ಅಂತ ಗೊತ್ತಾಗದ ಹಾಗೆ. ನೀನೇ ಹೇಳಿದ್ದಲ್ವಾ, ಅಕ್ಕ ಇಲ್ಲೇ ನರ್ಸು ಅನ್ಬೇಡ, ಶಿಫಾರಸಿನ ಮೇಲೆ ಬಂದವಳು ಅಂತಾರೆ ಅಂತ? ಅನ್ನಲಿಲ್ಲ.

ಮೊನ್ನೆ ನಾನು ಹೋಗಿ ಕೂತು ಅರ್ಧ ಗಂಟೆ ಆಗಿಲ್ಲ, ಪೇಪರಿನವರ ಫೋನ್ ಮೇಲೆ ಫೋನು. ಮೂರನೇ ಮಹಡಿ ವಾರ್ಡಲ್ಲಿ ಬೆಳಗ್ಗೆ ಆರು ಗಂಟೆಗೆ ಒಬ್ರು ಅಜ್ಜ ಬಾತ್‌ರೂಮಲ್ಲಿ ಬಿದ್ದು ಸೊಂಟ ಮುರ್ಕೊಂಡ್ರಂತೆ, ಆಸ್ಪತ್ರೆ ಏನನ್ನುತ್ತೆ ಅಂತ. ಮೂರನೇ ಮಹಡಿ ರಾತ್ರಿ ಪಾಳಿ ಅಂದ್ರೆ ನೀನೇ. ವಿಭಾಗದ ಮುಖ್ಯಸ್ಥೆ ಮೇಡಂ ನನ್ನ ಕಡೆ ತಿರುಗಿ, ‘ಏ ಹುಡುಗಿ, ಬರೆಯೋಕೆ ಬರುತ್ತಾ? ಪತ್ರಿಕಾ ಹೇಳಿಕೆ, ಒಂದು ಪುಟ, ಹನ್ನೆರಡರೊಳಗೆ’ ಅಂದ್ರು. ಮೊದಲನೇ ದಿನ ಅಕ್ಕಾ! ಮೊದಲನೇ ಸಾಲೇ ಏನು ಬರೆದೆ ಗೊತ್ತಾ? ಬಾತ್‌ರೂಮಿನ ಗೋಡೆಯ ಹಿಡಿಕೆ ಸಡಿಲವಾಗಿತ್ತು, ನರ್ಸ್ ಅದನ್ನು ಮೂರು ಸಲ ವಾರ್ಡಿನ ಪುಸ್ತಕದಲ್ಲಿ ಬರೆದಿಟ್ಟಿದ್ದರು, ಯಾರೂ ರಿಪೇರಿ ಮಾಡಿಸಲಿಲ್ಲ! ನೀನು ಊಟಕ್ಕೆ ಕೂತಾಗೆಲ್ಲ ಗೊಣಗ್ತಿದ್ದೆಯಲ್ಲ, ಅದೇ.

ನಂಬಲ್ವಾ? ತಾಳು... ಇಲ್ಲೇ ಬ್ಯಾಗಲ್ಲಿದೆ. ಕಸದ ಬುಟ್ಟಿಯಿಂದ ಎತ್ಕೊಂಡು ಬಂದಿದ್ದೀನಿ, ನಿನಗೆ ತೋರಿಸೋಕೇ. ಹಾಂ, ಹಾಗೇ ಹಿಡ್ಕೋ, ಮಡಚಿದ್ದೀನಲ್ಲ, ಮೇಲಿನರ್ಧ ಓದಿದ್ರೆ ಸಾಕು. ನಾವು ಟೈಪ್ ಮಾಡೋದು, ಮೇಡಂ ಹಸಿರು ಪೆನ್ನಲ್ಲಿ ಹೊಡೆಯೋದು, ಅದು ಅಲ್ಲಿನ ಪದ್ಧತಿ. ಹಸಿರು ಗೀಟು ಬಿತ್ತೋ, ಆ ಮಾತು ಹುಟ್ಟಲೇ ಇಲ್ಲ. ನೋಡು, ಹಿಡಿಕೆ... ಗೀಟು. ಮೂರು ಸಲದ ದೂರು... ಗೀಟು. ‘ಆಸ್ಪತ್ರೆ ವಿಷಾದಿಸುತ್ತದೆ’... ಅದಕ್ಕೂ ಗೀಟು! ‘ನಿಜ ತಾನೇ ಮೇಡಂ’ ಅಂದೆ. ‘ನಿಜ ವಿಚಾರಣೆಯವರ ಕೆಲಸ, ನಮ್ಮದಲ್ಲ’ ಅಂದ್ರು. ಎಲ್ಲರೆದುರು ವಾದ ಮಾಡಿದೆ ಅಕ್ಕಾ. ಸ್ಟೂಲಿನ ಮೇಲೆ ಕೂತವಳು!

ಸಾಕು, ಕೊಡು ಇನ್ನು. ಬಿಚ್ಚಬೇಡ... ಬಿಚ್ಚಬೇಡ ಅಂದ್ನಲ್ಲ!

...ಯಾವುದು? ಬೆರಳು ತೆಗಿ, ಕಾಣಲ್ಲ. ‘ಆ ಸಮಯದಲ್ಲಿ ಕರ್ತವ್ಯದಲ್ಲಿದ್ದ ನರ್ಸ್ ಮೊಬೈಲಿನಲ್ಲಿ ಮಾತನಾಡುತ್ತಿದ್ದರು.’ ಹೂಂ. ನಿನ್ನೆ ಪೇಪರಲ್ಲಿ ಬಂದಿದ್ದೂ ಅದೇ. ಗೀಟಿಲ್ಲ, ಹೌದು. ಟೈಪ್ ಮಾಡಿದ್ದರ ಕೆಳಗೆ ಪೆನ್ನಲ್ಲಿ ಸೇರಿಸಿದ್ದು, ನನ್ನ ಕೈಬರಹವೇ, ಹೌದು! ಮೇಡಂ ಹೇಳಿದ್ರು, ನಾನು ಬರೆದೆ. ಅವರಿಗೆ ಹೇಗೆ ಗೊತ್ತಾಯ್ತು ಅಂದ್ರೆ... ಯಾರೋ ನೋಡಿರ್ತಾರೆ. ಆಯಾ ನೋಡಿರ್ಬೇಕು. ಯಾಕೆ ತಲೆ ಅಲ್ಲಾಡಿಸ್ತೀಯ? ಯಾರೂ ಇರ್ಲಿಲ್ವಾ? ಇಷ್ಟು ದೊಡ್ಡ ಆಸ್ಪತ್ರೇಲಿ ನೋಡೋ ಕಣ್ಣಿಗೇನು ಬರಗಾಲ!

ಹಾಗೆ ನೋಡ್ಬೇಡ ನನ್ನ.

ಅಷ್ಟಕ್ಕೂ ಎಷ್ಟು ಹೊತ್ತು ಮಾತಾಡಿದ್ದು? ಎರಡು ನಿಮಿಷ! ನೀನು ‘ಸರ್ಟಿಫಿಕೇಟ್ ಫೈಲು ಬೀರು ಮೇಲಿದೆ, ಹಳದಿ ಚೀಲದಲ್ಲಿ. ಧೈರ್ಯವಾಗಿ ಹೋಗು’ ಅಂದೆ, ಇಟ್ಟುಬಿಟ್ಟೆ. ಅಷ್ಟಕ್ಕೇ ಯಾರಾದ್ರೂ...

...ಹೂಂ. ನಾನೇ ಮಾಡಿದ್ದು ಆ ಫೋನು. ಬೆಳಗ್ಗೆ ಆರಕ್ಕೆ. ಮೊದಲನೇ ದಿನ, ಫೈಲು ಸಿಗ್ತಿಲ್ಲ, ಇನ್ಯಾರಿಗೆ ಮಾಡ್ಲಿ? ಅಮ್ಮ ಹೋದ ಮೇಲೆ ಈ ಮನೇಲಿ ಏನು ಕಳೆದ್ರೂ ನಿನ್ನನ್ನೇ ತಾನೇ ಕೇಳೋದು!

ಮೇಡಂ ಕೇಳಿದ್ರು ಅಕ್ಕಾ. ಎಲ್ಲಾ ಸಾಲು ಹೊಡೆದು ಹಾಕಿ, ‘ಆ ನರ್ಸ್ ಏನ್ಮಾಡ್ತಿದ್ಲು ಆಗ?’ ಅಂತ ಇಡೀ ಕೋಣೆನ ಕೇಳಿದ್ರು. ಯಾರಿಗೂ ಗೊತ್ತಿಲ್ಲ. ನನಗೊಬ್ಬಳಿಗೇ ಗೊತ್ತು. ಎದ್ದು ನಿಂತು, ‘ಫೋನಲ್ಲಿ ಇದ್ರಂತೆ ಮೇಡಂ’ ಅಂದೆ. ಯಾರೋ ಹೇಳಿದ್ದು ಕೇಳಿದೆ ಅನ್ನೋ ಹಾಗೆ. ಎಲ್ಲರೂ ತಿರುಗಿ ನೋಡಿದ್ರು. ‘ಭೇಷ್, ಬರಿ ಅದನ್ನ’ ಅಂದ್ರು. ಖುಷಿ ಆಯ್ತು. ಆಯ್ತು ಕಣೇ, ಸುಳ್ಳು ಯಾಕೆ ಹೇಳ್ಲಿ! ಬರೆದೆ. ನಡೆದದ್ದೇ ತಾನೇ? ಯಾರ ಫೋನು ಅಂತ ಬರೀಲಿಲ್ಲ, ಅಷ್ಟೇ.

ಬೈ. ಬೈಯೇ! ಕೆನ್ನೆಗೆ ಎರಡು ಬಾರಿಸು. ಸುಮ್ನೆ ನಿಲ್ಬೇಡ.

ಇವತ್ತು ವಿಚಾರಣೆ ಮುಗಿಸಿ ಮೇಡಂ ಬಂದು ಹೇಳ್ತಿದ್ರು... ‘ಯಾರ ಫೋನಮ್ಮಾ ಅಂತ ನಾಲ್ಕು ಸಲ ಕೇಳಿದ್ರು, ಆ ನರ್ಸ್ ತುಟಿ ಪಿಟಕ್ ಅನ್ನಲಿಲ್ಲ. ಯಾವನೋ ಇರ್ಬೇಕು’ ಅಂತ. ಕೋಣೆಯೆಲ್ಲ ನಕ್ಕಿತು.

ನಾನೂ ನಕ್ಕೆ ಅಕ್ಕಾ.

ಇಸ್ತ್ರಿಪೆಟ್ಟಿಗೆ ಎತ್ತು, ಬಟ್ಟೆ ಸುಡ್ತಾ ಇದೆ... ಎತ್ತೇ! ಏನಾದ್ರೂ ಅನ್ನು. ಅಲ್ಲೂ ಹೀಗೇ ನಿಂತಿದ್ದೆಯಾ, ನಾಲ್ಕು ಸಲ ಕೇಳಿದಾಗಲೂ... ಹೀಗೇ, ನನಗೋಸ್ಕರ?