ಡಿಕ್ಕಿಯೇ ಇಲ್ಲದ ವೇಳಾಪಟ್ಟಿ

ಬಸ್ಸಿಗೆ ಕಾಯುತ್ತಿದ್ದ ಗಣಿತದ ಮೇಷ್ಟ್ರ ಕಿವಿ ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತಿನ ಕಡೆ ತಾನಾಗಿಯೇ ವಾಲಿತು.

“ಆಸ್ಪತ್ರೆಯವರು ನಿನ್ನ ವೇಳಾಪಟ್ಟಿ ಸಾಫ್ಟ್‌ವೇರ್ ನೋಡಿ ಏನಂದ್ರೋ?”

“ಬೈದ್ರು ಅಕ್ಕಾ. ಒಂದೇ ಕೋಣೇಲಿ ಒಟ್ಟಿಗೆ ಎರಡು ಆಪರೇಷನ್ ಬೀಳೋದೇ ಇಲ್ಲ ಅಂತ ಗಣಿತದಲ್ಲೇ ಮಾದರಿ ಕಟ್ಟಿ ಸಾಬೀತು ಮಾಡಿದ್ದೆ.”

“ಬಿತ್ತಾ?”

“ಎರಡಲ್ಲ, ಒಂದೂ ಬೀಳಲಿಲ್ಲ. ವೇಳಾಪಟ್ಟಿ ಪೂರಾ ಖಾಲಿ.”

“ಅಯ್ಯೋ, ಯಾಕೆ?”

“ಡಿಕ್ಕಿ ಆಗಬಾರದು ಅಂತ ನಿಯಮ ಬರೆದೆ. ಆಪರೇಷನ್ ಆಗಲೇಬೇಕು ಅಂತ ಬರೆಯೋದನ್ನ ಮರೆತೆ. ಎಂಥಾ ಬುದ್ಧಿವಂತ ನೋಡು ನಾನು!”

“ಮನೇಲೂ ಹಾಗೇ ತಾನೇ? ಒಂದು ಪಾತ್ರೇನೂ ಒಡೆದಿಲ್ಲ ಅಂತ ಬೀಗ್ತೀಯ. ತೊಳೆದ್ರೆ ತಾನೇ ಒಡೆಯೋದು!”

ಮೇಷ್ಟ್ರು ನಗು ಮರೆಮಾಚಲು ಕೆಮ್ಮಿದರು. ಬಸ್ಸು ಬಂತು.

“ಇವತ್ತೇ ಸರಿಮಾಡ್ತೀನಿ,” ಎನ್ನುತ್ತಾ ತಮ್ಮ ಹತ್ತಿದ.

“ಯಾವುದನ್ನ?”

“ಪಾತ್ರೇನ. ಆಸ್ಪತ್ರೆಯವರು ನಾಳೆವರೆಗೆ ಟೈಮ್ ಕೊಟ್ಟಿದ್ದಾರೆ, ನೀನು ಕೊಡಲ್ಲ.”